ಪೈಪಿನೊಳಗಿದ್ದ ಹಾವುಮೀನು: ಯಾವುದಿದು, ಎಲ್ಲಿಂದ ಬಂತು?

ಘಟ್ಟದಬುಡ (ಕುಮಟಾ), ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಕುಮಟಾ-ಶಿರಸಿ ರಸ್ತೆಯಲ್ಲಿ ಕತಗಾಲ ದಾಟಿ ಸ್ವಲ್ಪ ಒಳಗೆ ನಮ್ಮ ಅಡಿಕೆ ತೋಟ. ತೋಟದ ಕೆಳಗೆ ಹಳ್ಳ, ಮುಂದೆ ಅದು ಅಘನಾಶಿನಿ ಹೊಳೆಗೆ ಸೇರುತ್ತದೆ. ಬೇಸಿಗೆಯಲ್ಲಿ ಹರಿವು ನಿಂತರೂ ಒಂದು ಗುಂಡಿಯಲ್ಲಿ ಸೊಂಟದವರೆಗೆ ನೀರಿರುತ್ತದೆ. ಪಂಪಿನ ಪೈಪು ಇಳಿಸಿರುವುದೂ ಅಲ್ಲೇ.

ಮಳೆ ಹಿಡಿಯುವ ಮೊದಲು ಗುಂಡಿಯ ಹೂಳು ತೆಗೆಯೋಣ ಅಂತ ಇವತ್ತು ನಾನು, ತಮ್ಮ ಇಬ್ಬರೂ ಇಳಿದೆವು. ಹೋದ ವರ್ಷ ಮುರಿದು ಬಿದ್ದ ಪಿವಿಸಿ ಪೈಪಿನ ತುಂಡೊಂದು ತಳದಲ್ಲಿತ್ತು. ನಾಲ್ಕಡಿ ಉದ್ದ, ಮೂರಿಂಚಿನದು. ಎತ್ತಿದರೆ ಭಾರ. ಕೆಸರು ತುಂಬಿದೆ ಅಂದುಕೊಂಡು ದಡಕ್ಕೆ ತಂದು ಓರೆ ಮಾಡಿದೆ. ಮೊದಲು ಕಪ್ಪು ನೀರು ಬಂತು. ಆಮೇಲೆ ಕೊಳೆತ ಎಲೆ. ಆಮೇಲೆ ಒಂದು ತಲೆ.

ತಮ್ಮ ‘ಹಾವು’ ಅಂತ ಕೂಗಿ ಕತ್ತಿಗೆ ಕೈ ಹಾಕಿದ. ನನಗೂ ಮೊದಲು ಹಾಗೇ ಅನ್ನಿಸಿತು. ಆದರೆ ತಲೆಯ ಹಿಂದೆ ಎರಡೂ ಬದಿಗೆ ಸಣ್ಣ ರೆಕ್ಕೆ, ಕಿವಿಯ ಹಾಗೆ. ಹಾವಿಗೆಲ್ಲಿಯ ರೆಕ್ಕೆ? ಅವನನ್ನು ತಡೆದೆ.

ಹೇಗೋ ಗೋಣಿಚೀಲ ಹಾಕಿ ಹಿಡಿದು ನೀಲಿ ಡ್ರಮ್ಮಿಗೆ ಬಿಟ್ಟಿದ್ದೇವೆ. ಹಿಡಿಯುವುದು ಅಂದರೆ ಸುಲಭ ಅಲ್ಲ, ಸೋಪು ಹಚ್ಚಿದ ಒನಕೆ ಹಿಡಿದ ಹಾಗೆ. ಕೈತುಂಬ ಲೋಳೆ, ಮೂರು ಸಲ ತೊಳೆದರೂ ಹೋಗಲಿಲ್ಲ. ಉದ್ದ 3 ಅಡಿ 2 ಇಂಚು. ದಪ್ಪ ನನ್ನ ಮುಂಗೈಯಷ್ಟು. ಹಳದಿ ಬೆರೆತ ಕಂದು ಮೈ, ಅದರ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ. ಹೊಟ್ಟೆ ತಿಳಿ ಬಣ್ಣ. ಕೆಳದವಡೆ ಸ್ವಲ್ಪ ಮುಂದಕ್ಕೆ ಚಾಚಿದೆ, ಯಾರ ಮೇಲೋ ಸಿಟ್ಟು ಮಾಡಿಕೊಂಡವರ ಹಾಗೆ.

ನಮ್ಮ ಹಳ್ಳದಲ್ಲಿ ಐವತ್ತು ವರ್ಷದಿಂದ ಮೀನು ಹಿಡಿಯುವವರಿದ್ದಾರೆ. ಹಾವುಮೀನು ಅಂತ ಹೆಸರು ಹೇಳಿದರು, ಅಷ್ಟೇ. ಇದು ಯಾವ ಮೀನು? ವಿಷ ಇದೆಯಾ? ಮರಿ ಯಾಕೆ ಯಾರೂ ನೋಡಿಲ್ಲ? ಗೊತ್ತಿದ್ದವರು ಹೇಳಿ.

ಏಡಿಕಾಲು (ಅಂಕೋಲಾ, ಈಗ ಬೆಂಗಳೂರು)

ಮುಟ್ಟಿದಾಗ ಕರೆಂಟು ಹೊಡೆಯಲಿಲ್ವಾ? ಟಿವಿಯಲ್ಲಿ ನೋಡಿದ್ದೆ, ಮೊಸಳೆಯನ್ನೇ ಕೆಡವಿತ್ತು. ಹಾಗೇನೂ ಇಲ್ಲ ಅಂದರೆ ಬೆಳ್ಳುಳ್ಳಿ, ಮುರುಗಲು ಹಾಕಿ ಹುಳಿ ಮಾಡಿ. ನಾನು ಶುಕ್ರವಾರ ಊರಿಗೆ ಬರ್ತೇನೆ.

ತೋಟದಾಚೆ (ಶಿರಸಿ)

ಇದರಲ್ಲಿ ಅಂಥ ವಿಶೇಷ ಏನಿದೆ ಮಾರಾಯ್ರೆ? ನಮ್ಮ ಕಡೆ ಹೊಳೆಯಲ್ಲಿ ಬೇಕಾದಷ್ಟಿದೆ. ಉಂಚಳ್ಳಿ ಜಲಪಾತಕ್ಕಿಂತ ಮೇಲೆ, ಅಘನಾಶಿನಿಯಲ್ಲೇ. ನಾವು ಮೀನು ತಿನ್ನುವವರಲ್ಲ, ಆದರೆ ಹುಡುಗರಾಗಿದ್ದಾಗ ಕಲ್ಲು ಮಗುಚಿ ನೋಡುವುದೇ ಆಟ. ಹಾವುಮೀನು ಅಂದರೆ ಮರಳಿನಲ್ಲಿ ಮೂತಿ ಮಾತ್ರ ಹೊರಗಿಟ್ಟು ಕೂರುತ್ತದಲ್ಲ, ಅದೇ ತಾನೇ?

ಮೀನಮೇಷ (ಕಾರವಾರ)

ಎಲ್ಲಕ್ಕಿಂತ ಮೊದಲು, ಘಟ್ಟದಬುಡ ಅವರೇ, ಆ ಡ್ರಮ್ಮಿಗೆ ಮುಚ್ಚಳ ಹಾಕಿ. ಭಾರದ್ದು ಹಾಕಿ. ಮಿಕ್ಕಿದ್ದು ಆಮೇಲೆ.

ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ನಮ್ಮ ಜಿಲ್ಲೆಯಲ್ಲಿ ಹಾವುಮೀನು ಅನ್ನುವ ಒಂದೇ ಹೆಸರಿನಲ್ಲಿ ಕನಿಷ್ಠ ಮೂರು ಬಗೆಯ ಮೀನು ಓಡಾಡುತ್ತವೆ. ಒಂದಕ್ಕೊಂದು ಹತ್ತಿರದ ಸಂಬಂಧವೂ ಇಲ್ಲ.

ಶಿರಸಿಯವರು ಹೇಳಿದ್ದು ಮುಳ್ಳಿನ ಹಾವುಮೀನು, ಮಾಸ್ಟಸೆಂಬೆಲಸ್. ಮೂತಿ ಚೂಪು, ತುದಿಯಲ್ಲಿ ಸಣ್ಣ ಮಾಂಸದ ಕೊಂಬಿನಂಥದ್ದು ಇರುತ್ತದೆ, ಅದನ್ನು ಅಲ್ಲಾಡಿಸುತ್ತಾ ಹುಳು ಹುಡುಕುತ್ತದೆ. ಬೆನ್ನ ಮೇಲೆ ಬಿಡಿಬಿಡಿ ಮುಳ್ಳಿನ ಸಾಲು, ಮೂವತ್ತಕ್ಕೂ ಜಾಸ್ತಿ. ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದರೆ ಗರಗಸ ಎಳೆದ ಹಾಗೆ ಕೊರೆಯುತ್ತದೆ. ಅದು ಹುಟ್ಟುವುದು, ಸಾಯುವುದು ಎರಡೂ ಸಿಹಿನೀರಿನಲ್ಲೇ.

ಎರಡನೆಯದು ಗದ್ದೆ ಕೆಸರಿನ ಹಾವುಮೀನು. ಅದಕ್ಕೆ ಕಿವಿಯ ಹತ್ತಿರದ ರೆಕ್ಕೆಯೇ ಇಲ್ಲ. ಕಿವಿರಿನ ಸೀಳು ಗಂಟಲ ಕೆಳಗೆ ಒಂದೇ ಇರುತ್ತದೆ.

ಡ್ರಮ್ಮಿನಲ್ಲಿರುವುದು ಮೂರನೆಯದು ಅಂತ ನನ್ನ ಊಹೆ. ಆಂಗ್ವಿಲ್ಲ ಜಾತಿ. ನಿಜವಾದ ಈಲ್ ಅಂದರೆ ಇದೇ. ಇದರಲ್ಲೂ ನಮ್ಮ ಕರಾವಳಿಯ ಹೊಳೆಗಳಲ್ಲಿ ಎರಡಿವೆ. ಮಚ್ಚೆ ಇರುವ ಬೆಂಗಾಲೆನ್ಸಿಸ್, ಮಚ್ಚೆ ಇಲ್ಲದ ಬೈಕಲರ್. ಬಣ್ಣ ನಂಬುವುದು ಬೇಡ. ಬೆನ್ನಿನ ರೆಕ್ಕೆ ಎಲ್ಲಿ ಶುರುವಾಗುತ್ತದೆ ನೋಡಿ. ಹೊಟ್ಟೆ ಕೆಳಗಿನ ಗುದದ್ವಾರದ ನೇರಕ್ಕೆ ಶುರುವಾದರೆ ಬೈಕಲರ್. ಅದಕ್ಕಿಂತ ಸಾಕಷ್ಟು ಮುಂದೆ, ತಲೆಯ ಕಡೆಗೆ ಶುರುವಾದರೆ ಬೆಂಗಾಲೆನ್ಸಿಸ್.

ಏಡಿಕಾಲು, ಕರೆಂಟು ಹೊಡೆಯುವುದು ದಕ್ಷಿಣ ಅಮೆರಿಕದ್ದು. ಹೆಸರಿಗೆ ಮಾತ್ರ ಈಲ್, ಅಸಲಿಗೆ ಅದು ಬೇರೆಯೇ ಮೀನು. ಇದು ಹೊಡೆಯುವುದಿಲ್ಲ. ಕಚ್ಚಬಹುದು. ಕಚ್ಚಿದರೆ ವಿಷವಿಲ್ಲ. ಆದರೆ ಹಸಿ ರಕ್ತದಲ್ಲಿ ನಂಜಿನ ಅಂಶ ಇದೆ. ಗಾಯಕ್ಕೆ, ಕಣ್ಣಿಗೆ ತಾಗಬಾರದು. ಬೇಯಿಸಿದರೆ ಅದು ಹೋಗುತ್ತದೆ.

ತೋಟದಾಚೆ

ಮುಳ್ಳು! ಸರಿ, ಒಪ್ಪಿದೆ. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದನ್ನು ಹಿಡಿಯಲು ಹೋಗಿ ಅಂಗೈ ಕೊಯ್ದುಕೊಂಡಿದ್ದೆ. ಕಲ್ಲು ತಾಗಿತು ಅಂತ ಮನೆಯಲ್ಲಿ ಸುಳ್ಳು ಹೇಳಿದ್ದೂ ನೆನಪಿದೆ. ಇಷ್ಟು ವರ್ಷ ಆದಮೇಲೆ ಗೊತ್ತಾಯಿತು ನೋಡಿ ಯಾರು ಕೊಯ್ದದ್ದು ಅಂತ.

ಅದಿರಲಿ. ಪೈಪಿನ ಮೀನು ನಮ್ಮ ಕಡೆ ಸಿಗುವುದೇ ಇಲ್ಲವಾ?

ಘಟ್ಟದಬುಡ, ರಾತ್ರಿ

ಮೀನಮೇಷ ಸರ್, ಟಾರ್ಚು ಹಿಡಿದು ನೋಡಿದೆ. ಬೆನ್ನಿನ ರೆಕ್ಕೆ ಗುದದ್ವಾರಕ್ಕಿಂತ ಸುಮಾರು ಆರು ಬೆರಳು ಮುಂದೆ ಶುರುವಾಗುತ್ತದೆ. ಅಲ್ಲಿಂದ ಬಾಲ ಸುತ್ತಿ ಹೊಟ್ಟೆ ಕೆಳಗಿನವರೆಗೆ ಒಂದೇ ರೆಕ್ಕೆ, ಸೀರೆಯ ಅಂಚಿನ ಹಾಗೆ. ಮುಳ್ಳು ಇಲ್ಲ.

ಟಾರ್ಚು ಬಿಟ್ಟ ಕೂಡಲೇ ತಳಕ್ಕೆ ಹೋಗಿ ತಲೆ ಅಡಗಿಸಿತು. ಬೆಳಕು ಆರಿಸಿ ಸುಮ್ನೆ ಕೂತರೆ ಎರಡು ನಿಮಿಷಕ್ಕೆ ಡ್ರಮ್ಮಿನ ಸುತ್ತ ಒಂದೇ ಸಮ ಸುತ್ತುತ್ತದೆ, ನೀರು ಸವರುವ ಸದ್ದು ಕೇಳುತ್ತದೆ. ಗೋಣಿಚೀಲ ಮುಚ್ಚಿ ಮೇಲೆ ಒಂದು ಕಲ್ಲಿಟ್ಟಿದ್ದೇನೆ. ಬೆಳಿಗ್ಗೆ ಒಳ್ಳೆಯ ಫೋಟೋ ತೆಗೆದು ಬಿಡುತ್ತೇನೆ.

ಮೀನಮೇಷ

ಹಾಗಾದರೆ ಬೆಂಗಾಲೆನ್ಸಿಸ್. ಗೋಣಿಚೀಲ ಮುಚ್ಚಳ ಅಲ್ಲ, ಸರ್.

ಬಳಚು (ಅಘನಾಶಿನಿ ಅಳಿವೆ ಕಡೆ)

ನಮ್ಮದು ಹೊಳೆ ಸಮುದ್ರ ಸೇರುವ ಜಾಗ. ಮನೆಯವರು ಬಲೆಗೆ ಹೋಗುತ್ತಾರೆ, ನಾನು ಇಳಿತಕ್ಕೆ ಬಳಚು, ಅಂದರೆ ಚಿಪ್ಪು, ಹೆಕ್ಕುತ್ತೇನೆ. ಈ ಮೀನು ನಮಗೂ ಸಿಗುತ್ತದೆ, ಆದರೆ ಅಪರೂಪ. ಜೋರು ಮಳೆಗೆ ಹೊಳೆ ಕೆಂಪಾಗಿ ಬಂದಾಗ ಒಂದೊಂದು ದೊಡ್ಡದು ಬಲೆಗೆ ಬೀಳುತ್ತದೆ. ನಮ್ಮತ್ತೆ ಬೂದಿ ಹಾಕಿ ಉಜ್ಜಿ ಉಜ್ಜಿ ಲೋಳೆ ತೆಗೆಯುತ್ತಿದ್ದರು. ಕೆಲವರ ಮನೆಯಲ್ಲಿ ಹಾವಿನ ಹಾಗಿದೆ ಅಂತ ಒಳಗೇ ತರುವುದಿಲ್ಲ.

ನನಗೊಂದು ಅನುಮಾನ. ಇದು ಮೇಲೆ ಹುಟ್ಟಿ ಕೆಳಗೆ ಬರುತ್ತದಾ, ಕೆಳಗೆ ಹುಟ್ಟಿ ಮೇಲೆ ಹೋಗುತ್ತದಾ? ಮಳೆ ಶುರುವಾದಾಗ ಹತ್ತುಮೀನು ಹೊಳೆ ಏರುತ್ತವಲ್ಲ, ಅವು ಮೊಟ್ಟೆ ಇಡಲು ಗದ್ದೆಗೆ ಹೋಗುತ್ತವೆ ಅಂತ ನಮಗೆ ಗೊತ್ತು. ಇದು ಉಲ್ಟಾ ಇದ್ದ ಹಾಗಿದೆ.

ಮೀನಮೇಷ

ಬಳಚು ಅಕ್ಕ, ಉಲ್ಟಾ ಅನ್ನುವುದೇ ಸರಿಯಾದ ಮಾತು. ಇಡೀ ಕಥೆ ಅದರಲ್ಲೇ ಇದೆ.

ಈ ಮೀನು ಹುಟ್ಟುವುದು ಸಮುದ್ರದಲ್ಲಿ, ದಡದ ಹತ್ತಿರವೂ ಅಲ್ಲ, ಆಳ ಸಮುದ್ರದ ಮೇಲೆ. ಮೊಟ್ಟೆಯಿಂದ ಬಂದ ಮರಿ ನೋಡಲು ಮೀನಿನ ಹಾಗೇ ಇರುವುದಿಲ್ಲ. ಗಾಜಿನಲ್ಲಿ ಮಾಡಿದ ಎಲೆಯ ಹಾಗಿರುತ್ತದೆ. ಚಪ್ಪಟೆ, ಪಾರದರ್ಶಕ. ಪ್ರವಾಹದಲ್ಲಿ ತೇಲಿಕೊಂಡು ತಿಂಗಳುಗಟ್ಟಲೆ ಬರುತ್ತದೆ. ಕರಾವಳಿ ಹತ್ತಿರ ಬಂದಾಗ ಎಲೆ ಮುದುಡಿ ಸೂಜಿಯಾಗುತ್ತದೆ. ಆಗಲೂ ಗಾಜಿನ ಬಣ್ಣವೇ, ಕಣ್ಣು ಮಾತ್ರ ಎರಡು ಕಪ್ಪು ಚುಕ್ಕಿ. ಅಳಿವೆ ಹೊಕ್ಕಮೇಲೆ ಬಣ್ಣ ಬರುತ್ತದೆ, ಹೊಳೆ ಏರುತ್ತದೆ, ಯಾವುದೋ ಗುಂಡಿ, ಯಾವುದೋ ಕಲ್ಲಿನ ಸಂದಿ ಹಿಡಿದು ವರ್ಷಗಟ್ಟಲೆ ಅಲ್ಲೇ ಇರುತ್ತದೆ. ಹಗಲು ತಳದಲ್ಲಿ ಅಡಗಿರುತ್ತದೆ. ರಾತ್ರಿ ಏಡಿ, ಶೆಟ್ಲಿ (ಸಿಗಡಿ), ಸಣ್ಣ ಮೀನು, ಕಪ್ಪೆ ಹಿಡಿಯುತ್ತದೆ.

ಬೆಳೆದಮೇಲೆ ಒಂದು ಮಳೆಗಾಲ ಕೆಳಗಿಳಿಯಲು ಹೊರಡುತ್ತದೆ. ಆಗ ಅದರ ಮೈ ಬದಲಾಗುತ್ತದೆ. ಕಣ್ಣು ದೊಡ್ಡದಾಗುತ್ತದೆ, ಹೊಟ್ಟೆ ಬೆಳ್ಳಗಾಗುತ್ತದೆ, ಕರುಳು ಸೊರಗುತ್ತದೆ. ಊಟ ಬಿಡುತ್ತದೆ. ಮೈಯಲ್ಲಿ ಕೂಡಿಟ್ಟ ಕೊಬ್ಬಿನ ಮೇಲೆಯೇ ಸಮುದ್ರ ದಾಟಿ ಹೋಗಿ ಒಂದೇ ಸಲ ಮೊಟ್ಟೆ ಇಟ್ಟು ಸಾಯುತ್ತದೆ. ಕೆಂಪು ನೀರಿನಲ್ಲಿ ನಿಮ್ಮ ಬಲೆಗೆ ಬೀಳುವ ದೊಡ್ಡವು ಹಾಗೆ ಹೊರಟವೇ ಇರಬೇಕು. ಮುಂದಿನ ಸಲ ಸಿಕ್ಕರೆ ಕಣ್ಣು ನೋಡಿ. ತಲೆಗೆ ಹೊಂದದಷ್ಟು ದೊಡ್ಡದಿದ್ದರೆ ಖಾತ್ರಿ.

ಘಟ್ಟದಬುಡ ಅವರು ಕೇಳಿದ್ದರಲ್ಲ, ಹಳ್ಳದಲ್ಲಿ ಮರಿ ಯಾಕೆ ಯಾರೂ ನೋಡಿಲ್ಲ ಅಂತ. ಇದಕ್ಕೇ. ಹಳ್ಳದಲ್ಲಿ ಅದರ ಹೆರಿಗೆಮನೆಯೇ ಇಲ್ಲ.

ಏಡಿಕಾಲು

ಇಷ್ಟೆಲ್ಲಾ ಯಾರು ಹಿಂದೆ ಹೋಗಿ ನೋಡಿಕೊಂಡು ಬಂದದ್ದು?

ಮೀನಮೇಷ

ಒಳ್ಳೆಯ ಪ್ರಶ್ನೆ. ಮೀನಮೇಷ ಎಣಿಸದೆ ಹೇಳುತ್ತೇನೆ.

ಯುರೋಪಿನಲ್ಲಿ ಇದೇ ಕುಲದ ಮೀನು ಜನರ ತಲೆ ಕೆಡಿಸಿದ್ದು ಎರಡು ಸಾವಿರ ವರ್ಷ. ಮೊಟ್ಟೆ ಇರುವ ಈಲ್ ಯಾರಿಗೂ ಸಿಗಲಿಲ್ಲ. ಅರಿಸ್ಟಾಟಲ್ ಇದು ಕೆಸರಿನಿಂದ ಹುಟ್ಟುತ್ತದೆ ಅಂದುಬಿಟ್ಟ. 1876ರಲ್ಲಿ ವಿದ್ಯಾರ್ಥಿಯಾಗಿದ್ದ ಸಿಗ್ಮಂಡ್ ಫ್ರಾಯ್ಡ್ ಟ್ರಿಯೆಸ್ಟೆಯಲ್ಲಿ ಕೂತು 400ರಷ್ಟು ಈಲ್ ಕೊಯ್ದು ಗಂಡಿನ ವೃಷಣ ಹುಡುಕಿದ. ಹೌದು, ಮನಶ್ಶಾಸ್ತ್ರದ ಫ್ರಾಯ್ಡೇ. ಖಚಿತ ಉತ್ತರ ಸಿಗಲಿಲ್ಲ. ಗಾಜಿನ ಎಲೆಯಂಥ ಮರಿಯನ್ನು 1856ರಲ್ಲೇ ಕಂಡಿದ್ದರು, ಆದರೆ ಬೇರೆಯೇ ಮೀನು ಅಂತ ಬೇರೆ ಹೆಸರಿಟ್ಟಿದ್ದರು! ಅದು ಈಲ್ ಮರಿ ಅಂತ ತೋರಿಸಿದ್ದು 1890ರ ದಶಕದಲ್ಲಿ ಇಟಲಿಯ ಇಬ್ಬರು. ಆಮೇಲೆ ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್ 1904ರಿಂದ ಸುಮಾರು ಇಪ್ಪತ್ತು ವರ್ಷ ಅಟ್ಲಾಂಟಿಕ್ ಸಾಗರ ಜಾಲಾಡಿದ. ಎಲ್ಲಿ ಮರಿ ಚಿಕ್ಕದಾಗುತ್ತಾ ಹೋಗುತ್ತದೋ ಆ ದಿಕ್ಕಿಗೆ ಹಡಗು ತಿರುಗಿಸುವುದು, ಅಷ್ಟೇ ಉಪಾಯ. ಕೊನೆಗೆ ಮುಟ್ಟಿದ್ದು ಅಮೆರಿಕದ ಹತ್ತಿರದ ಸರ್ಗಾಸೊ ಸಮುದ್ರ.

ಜಪಾನಿನವರು ಇನ್ನೂ ಮುಂದೆ ಹೋದರು. 2009ರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ದ್ವೀಪಗಳ ಪಶ್ಚಿಮಕ್ಕೆ ಜಪಾನಿ ಈಲಿನ ಮೊಟ್ಟೆಯನ್ನೇ ನೀರಿನಿಂದ ಸೋಸಿ ತೆಗೆದರು. ಅಮಾವಾಸ್ಯೆಗೆ ಎರಡು ಮೂರು ದಿನ ಮುಂಚೆ ಅಲ್ಲಿ ಮೊಟ್ಟೆ ಇಡುತ್ತವಂತೆ. ಆದರೆ ನಮ್ಮ ಬೆಂಗಾಲೆನ್ಸಿಸ್ ಮೊಟ್ಟೆ ಇಡುವುದನ್ನು ಹಿಂದೂ ಮಹಾಸಾಗರದಲ್ಲಿ ಇವತ್ತಿನವರೆಗೆ ಯಾರೂ ಕಣ್ಣಾರೆ ಕಂಡಿಲ್ಲ. ಕತಗಾಲದ ಹಳ್ಳದಲ್ಲಿ ಪೈಪಿನೊಳಗೆ ಮಲಗಿದ್ದ ಮೀನಿನ ಹುಟ್ಟೂರು ವಿಜ್ಞಾನಕ್ಕೇ ಗೊತ್ತಿಲ್ಲ.

ಘಟ್ಟದಬುಡ, ಸೋಮವಾರ ಬೆಳಿಗ್ಗೆ

ಸರ್, ನೀವು ಹೇಳಿದ ಮಾತು ಕೇಳಬೇಕಿತ್ತು.

ರಾತ್ರಿ ಎರಡು ಗಂಟೆಗೆ ಗುಡುಗಿ ಜೋರು ಮಳೆ ಬಂತು. ಈ ವರ್ಷದ ಮೊದಲ ಹದ ಮಳೆ. ಬೆಳಿಗ್ಗೆ ನೋಡಿದರೆ ಕಲ್ಲು ಇಟ್ಟಲ್ಲೇ ಇದೆ, ಗೋಣಿಚೀಲ ಇದ್ದಲ್ಲೇ ಇದೆ, ಒಂದು ಮೂಲೆ ಮಾತ್ರ ಸ್ವಲ್ಪ ಸಡಿಲ. ಡ್ರಮ್ಮು ಖಾಲಿ. ಮೂರು ಬೆರಳು ಅಗಲದ ಸಂದಿಯಲ್ಲಿ ಅಂಥ ದೊಡ್ಡ ಮೀನು ಹೇಗೆ ದಾಟಿತೋ ದೇವರೇ ಬಲ್ಲ. ಮಳೆ ನೀರು ಬಿದ್ದು ಡ್ರಮ್ಮು ತುಂಬಿದ್ದು ಅದಕ್ಕೆ ಅನುಕೂಲ ಆಗಿರಬೇಕು.

ಬೆಕ್ಕು ತಿಂದಿತು ಅಂದುಕೊಂಡೆ. ಅಷ್ಟರಲ್ಲಿ ಹೂವು ಕೊಯ್ಯಲು ಹೋಗಿದ್ದ ಆಯಿ ಕೂಗಿದರು. ಅಂಗಳದ ಅಂಚಿನಲ್ಲಿ ಅಡಿಕೆ ಸಿಪ್ಪೆಯ ರಾಶಿ ಇದೆ. ಅದರ ಪಕ್ಕ ಮಣ್ಣಿನ ಮೇಲೆ ಸೊಟ್ಟಸೊಟ್ಟ ಗೆರೆ, ಬಿಸಿಲಿಗೆ ಹೊಳೆಯುತ್ತಿತ್ತು. ಬಸವನಹುಳು ಹೋದ ಹಾಗೆ, ಆದರೆ ನಾಲ್ಕು ಬೆರಳು ಅಗಲ. ಗೆರೆ ಹಿಡಿದು ಹೋದರೆ ತೋಟದ ಕಾದಿಗೆ, ಅಂದರೆ ನೀರು ಹೋಗುವ ಕಾಲುವೆ. ಅದರಲ್ಲಿ ಮೊಣಕಾಲುದ್ದ ನೀರು, ಆ ನೀರಿನಲ್ಲಿ ಇವನು. ಡ್ರಮ್ಮಿನಿಂದ ನನ್ನ ಹೆಜ್ಜೆಯಲ್ಲಿ ಇಪ್ಪತ್ತಾರು ಹೆಜ್ಜೆ. ಮುಖ ಹಳ್ಳದ ಕಡೆಗೆ.

ಹಿಡಿಯಲು ಹೋಗಲಿಲ್ಲ. ಕಾದಿಗೆಯ ಬಾಯಿಗೆ ಅಡ್ಡ ಬಿದ್ದಿದ್ದ ಸೋಗೆ ತೆಗೆದೆ. ಹತ್ತು ನಿಮಿಷಕ್ಕೆ ಹಳ್ಳ ಸೇರಿತು. ಫೋಟೋ ಇಲ್ಲ. ಇರುವುದು ಟಾರ್ಚಿನ ಬೆಳಕಿನಲ್ಲಿ ತೆಗೆದ ಮಬ್ಬು ಫೋಟೋ ಮಾತ್ರ, ಅದರಲ್ಲಿ ಡ್ರಮ್ಮೇ ಚೆನ್ನಾಗಿ ಕಾಣುತ್ತದೆ.

ಏಡಿಕಾಲು

ಶುಕ್ರವಾರದ ಊಟ ಹೋಯ್ತು.

ಮೀನಮೇಷ

ಒಳ್ಳೆಯದೇ ಆಯಿತು. ನೆಲದ ಮೇಲೆ ಹೋಗುವುದು ಇವುಗಳಿಗೆ ಹೊಸದಲ್ಲ. ಚರ್ಮ ಒದ್ದೆಯಾಗಿರುವವರೆಗೆ ಚರ್ಮದಿಂದಲೇ ಉಸಿರಾಡುತ್ತದೆ. ಆ ಲೋಳೆ ಇರುವುದೂ ಅದಕ್ಕೆ ಅನುಕೂಲ. ಹುರುಪೆ ಇದೆ, ಆದರೆ ಚರ್ಮದ ಒಳಗೆ ಹುದುಗಿರುವುದರಿಂದ ಕೈಗೆ ಸಿಗುವುದಿಲ್ಲ. ಮಳೆಯ ರಾತ್ರಿ, ಒದ್ದೆ ಹುಲ್ಲು, ಇಳಿಜಾರು. ಅದಕ್ಕೆ ಬೇಕಾದ್ದೆಲ್ಲ ನಿಮ್ಮ ಅಂಗಳದಲ್ಲೇ ಇತ್ತು.

ಕಾಳಿದಂಡೆ (ಕಾರವಾರ)

ಈ ಚರ್ಚೆ ಓದಿ ಹೊಟ್ಟೆ ಉರಿಯಿತು. ನಮ್ಮದು ಕಾಳಿ ಹೊಳೆ ದಂಡೆ, ಕದ್ರಾ ಅಣೆಕಟ್ಟಿಗಿಂತ ಮೇಲೆ ಇತ್ತು ಮೂಲ ಊರು. ಈಗ ನೀರಿನ ಕೆಳಗೆ. ಅಪ್ಪ ರಾತ್ರಿ ಗಾಳಕ್ಕೆ ಏಡಿ ಸಿಕ್ಕಿಸಿ ಬಂಡೆ ಸಂದಿಗೆ ಬಿಡುತ್ತಿದ್ದರು. ತೊಡೆಯಷ್ಟು ದಪ್ಪದ ಹಾವುಮೀನು ಬಂದಿತ್ತು ಅಂತ ಹೇಳುತ್ತಿದ್ದರು. ತೊಡೆ ಅನ್ನುವುದು ಅಪ್ಪನ ಅಳತೆ, ನಾನು ನೋಡಿದ್ದು ತೋಳಿನಷ್ಟು. ಜಲಾಶಯ ಆದಮೇಲೆ ಮೇಲಿನ ಹಳ್ಳಗಳಲ್ಲಿ ಸಣ್ಣವು ಸಿಗುವುದು ನಿಂತಿತು. ದೊಡ್ಡವು ಕೆಲವು ವರ್ಷ ಸಿಕ್ಕವು. ಆಮೇಲೆ ಅವೂ ಇಲ್ಲ. ಹೊಳೆ ನೀರು ತಣ್ಣಗಾಯಿತು ಅದಕ್ಕೆ ಅಂತ ನಾವು ಅಂದುಕೊಂಡಿದ್ದೆವು.

ಮೀನಮೇಷ

ಕಾಳಿದಂಡೆ ಅವರೇ, ನೀವು ಕಂಡದ್ದಕ್ಕೆ ಲೆಕ್ಕ ಸರಿಯಾಗಿ ಹೊಂದುತ್ತದೆ. ಅಣೆಕಟ್ಟು ಕಟ್ಟಿದ ದಿನ ಮೇಲಿದ್ದ ಮೀನು ಸಾಯುವುದಿಲ್ಲ. ಹೊಸ ಮರಿ ಬರುವುದು ನಿಲ್ಲುತ್ತದೆ. ಇದ್ದವು ಬೆಳೆಯುತ್ತಾ ಹೋಗುತ್ತವೆ, ನೋಡುವವರಿಗೆ ದೊಡ್ಡ ದೊಡ್ಡ ಮೀನು ಸಿಗುತ್ತಿದೆ ಅಂತ ಖುಷಿ. ಆಮೇಲೆ ಒಂದು ದಿನ ಖಾಲಿ. ಕೆಳಗಿಳಿಯಲು ಹೋದವು ಟರ್ಬೈನಿಗೆ ಸಿಕ್ಕರೆ ಉದ್ದ ಮೈ ಆದ್ದರಿಂದ ಉಳಿಯುವುದು ಕಷ್ಟ.

ಕಾಳಿಯಲ್ಲಿ ಸಮುದ್ರಕ್ಕೆ ಹತ್ತಿರದ ಅಡ್ಡಗೋಡೆ ಕದ್ರಾ, 1990ರ ದಶಕದ್ದು. ಅದರ ಮೇಲೆ ಕೊಡಸಳ್ಳಿ. ಎಲ್ಲಕ್ಕಿಂತ ಮೇಲೆ 101 ಮೀಟರ್ ಎತ್ತರದ ಸೂಪಾ. ಶರಾವತಿಗೆ ಗೇರುಸೊಪ್ಪೆಯಲ್ಲಿ ಒಂದು ಗೋಡೆ. ಅಲ್ಲಿ ಮೇಲೆ ಹೋದರೂ ಜೋಗ ಇದೆ, 253 ಮೀಟರ್, ಅದನ್ನು ಕಟ್ಟಿದ್ದು ಯಾರೂ ಅಲ್ಲ ಬಿಡಿ. ಅಘನಾಶಿನಿಗೆ ಮಾತ್ರ ಶಿರಸಿಯಿಂದ ಸಮುದ್ರದವರೆಗೆ ಸುಮಾರು 120 ಕಿಲೋಮೀಟರ್ ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಅದಕ್ಕೇ ಈ ಪೈಪಿನ ಮೀನು ನನಗೆ ಮುಖ್ಯ ಅನ್ನಿಸಿದ್ದು. ಅದು ಹಳ್ಳದಲ್ಲಿದೆ ಅಂದರೆ ಹಳ್ಳದಿಂದ ಸಮುದ್ರದವರೆಗೆ ಬಾಗಿಲು ತೆರೆದಿದೆ ಅಂತ ಅರ್ಥ. ಕನಿಷ್ಠ ಅದು ಮರಿಯಾಗಿ ಏರಿ ಬಂದ ವರ್ಷ ತೆರೆದಿತ್ತು.

ತೋಟದಾಚೆ

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಉಂಚಳ್ಳಿ ಹತ್ತುತ್ತದಾ?

ಮೀನಮೇಷ

ಮರತೇಬಿಟ್ಟಿದ್ದೆ. ಬೆರಳುದ್ದದ ಮರಿಗಳು ಒದ್ದೆ ಪಾಚಿ ಇರುವ ಗೋಡೆ ಹತ್ತುತ್ತವೆ. ಹೊಟ್ಟೆ ಅಂಟಿಸಿಕೊಂಡು, ನಿಂತು ನಿಂತು, ಹಲ್ಲಿಯ ಹಾಗೆ. ನ್ಯೂಜಿಲೆಂಡಿನಲ್ಲಿ ಅಣೆಕಟ್ಟಿನ ಗೋಡೆ ಹತ್ತಿದ್ದನ್ನು ದಾಖಲಿಸಿದ್ದಾರೆ. ದೊಡ್ಡದಾದಂತೆ ಮೈ ಭಾರಕ್ಕೆ ಆಗುವುದಿಲ್ಲ. ಆದರೂ ಮಿತಿ ಇದೆ. 50 ಮೀಟರಿನ ನಯಾಗರಾ ದಾಟಿ ಈಲ್ ತಾನಾಗಿ ಮೇಲಿನ ಸರೋವರಕ್ಕೆ ಹೋಗಿರಲಿಲ್ಲ, ಹಡಗಿಗೆ ಕಾಲುವೆ ತೋಡಿದಮೇಲೆ ಹೋಯಿತು. ಉಂಚಳ್ಳಿ 116 ಮೀಟರ್, ಅದೂ ಮಳೆಗಾಲದ ಹೊಡೆತ. ನಿಮ್ಮ ಕಡೆ ಹಾವುಮೀನು ಅಂದರೆ ಮುಳ್ಳಿನದ್ದೇ ಅಂತ ಪಂಥ ಕಟ್ಟಲು ನಾನು ತಯಾರು. ಮುಳ್ಳಿಲ್ಲದ್ದು ಸಿಕ್ಕರೆ ಶಿರಸಿ ಪೇಟೆಯಲ್ಲಿ ನನ್ನ ಖರ್ಚಿನಲ್ಲಿ ಮಸಾಲೆದೋಸೆ.

ತೋಟದಾಚೆ

ಎರಡು ದೋಸೆ ಅಂತ ಬರೆದಿಟ್ಟುಕೊಳ್ಳಿ.

ಈ ಕಲ್ಲು ಹತ್ತುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಹಳ್ಳದಲ್ಲಿ ರಭಸದ ನೀರಲ್ಲಿ ಬಂಡೆಗೆ ಅಂಟಿಕೊಂಡೇ ಇರುವ ಹೆಬ್ಬೆರಳುದ್ದದ ಮೀನಿದೆ. ಕೈ ಹಾಕಿದರೆ ಬಂಡೆಯ ಮೇಲೆಯೇ ಜಾರಿಕೊಂಡು ಆಚೆ ಬದಿಗೆ ಹೋಗುತ್ತದೆ, ನೀರಲ್ಲಿ ಈಜುವುದೇ ಇಲ್ಲ ಅನ್ನುವ ಹಾಗೆ. ಅದೂ ಇದೇ ಜಾತಿಯಾ?

ಮೀನಮೇಷ

ಅಲ್ಲ, ಅದು ಭವಾನಿಯಾ ಇರಬಹುದು, ಪಶ್ಚಿಮ ಘಟ್ಟದ್ದೇ ಮೀನು. ಕೆಳಗಿನ ಎರಡು ಜೊತೆ ರೆಕ್ಕೆ ಬದಿಗೆ ಅಗಲವಾಗಿ ಹರಡಿ, ಹೊಟ್ಟೆ ಚಪ್ಪಟೆಯಾಗಿ, ಇಡೀ ಮೈಯೇ ಬಂಡೆಗೆ ಹಿಡಿದುಕೊಳ್ಳುವ ಅಂಗೈ ಆಗಿದೆ. ಪಾಚಿ ಕೆರೆದು ತಿನ್ನುತ್ತದೆ. ಅದಕ್ಕೆ ಬೇರೆಯೇ ಚರ್ಚೆ ಶುರು ಮಾಡಿ, ಚೆನ್ನಾಗಿರುತ್ತದೆ.

ಬಳಚು

ಎಲೆ, ಸೂಜಿ ಅಂದಿರಲ್ಲ, ಎರಡು ದಿನದಿಂದ ಅದೇ ಯೋಚನೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ಹಲಗೆ ಬಾಗಿಲಿಗೆ ರಾತ್ರಿ ಸಣ್ಣ ಕಣ್ಣಿನ ಬಲೆ ಕಟ್ಟುತ್ತಿದ್ದರು, ಶೆಟ್ಲಿಗೆ. ಒಂದು ಸಲ ಶೆಟ್ಲಿ ಮಧ್ಯೆ ಸೇವಿಗೆ ಎಳೆಯ ಹಾಗೆ ಏನೋ ಇತ್ತು. ಬಟ್ಟಲಿಗೆ ಹಾಕಿದರೆ ನೀರೇ ಕಾಣುತ್ತದೆ, ಜೊತೆಗೆ ಕಪ್ಪು ಚುಕ್ಕಿಗಳು ಜೋಡಿ ಜೋಡಿಯಾಗಿ ಓಡಾಡುತ್ತವೆ. ಅತ್ತೆ ‘ಹುಳ’ ಅಂತ ಚೆಲ್ಲಿಸಿದರು. ಕಪ್ಪು ರಾತ್ರಿ, ಅಮಾವಾಸ್ಯೆ ಆಸುಪಾಸು.

ಮೀನಮೇಷ

ಅಕ್ಕ, ಓದಿ ಕುರ್ಚಿಯಿಂದ ಎದ್ದೆ. ಆದರೂ ಪೂರ್ತಿ ಒಪ್ಪುವುದಿಲ್ಲ. ಅಳಿವೆಯಲ್ಲಿ ಬೇರೆ ಮೀನುಗಳ ಮರಿಯೂ ಪಾರದರ್ಶಕ ಇರುತ್ತವೆ. ಬಾಲ ಕವಲಾಗಿತ್ತಾ? ಉದ್ದ ಎಷ್ಟಿತ್ತು?

ಬಳಚು

ಕವಲು ಇರಲಿಲ್ಲ, ಚೂಪು. ಉದ್ದ ನನ್ನ ಕಿರುಬೆರಳಷ್ಟು. ಇಪ್ಪತ್ತು ವರ್ಷದ ಹಿಂದಿನ ಮಾತು ಸರ್, ಇದಕ್ಕಿಂತ ಜಾಸ್ತಿ ಕೇಳಬೇಡಿ. ಈಗ ಆ ಬಾಗಿಲಿನ ಹಲಗೆಯೇ ಇಲ್ಲ, ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರೂ ಕಡಿಮೆ. 2024ರಲ್ಲಿ ನಮ್ಮ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಜಾಗಗಳ ಪಟ್ಟಿಗೆ, ಸೇರಿತು ಅಂತ ಪೇಪರಿನಲ್ಲಿ ಬಂತು. ಮುಂದಿನ ಅಮಾವಾಸ್ಯೆಗೆ ಒಂದು ಬಟ್ಟೆ ಕಟ್ಟಿ ನೋಡುತ್ತೇನೆ. ಸಿಕ್ಕರೆ ಚೆಲ್ಲುವುದಿಲ್ಲ.

ಘಟ್ಟದಬುಡ

ನನಗೀಗ ಬೇರೆ ಚಿಂತೆ. ಬಾಗಿಲು ತೆರೆದಿದೆ ಅಂದಿರಿ. ನಮ್ಮ ಗುಂಡಿಯ ಕೆಳಗೇ ಒಂದು ಕಟ್ಟು ಇದೆ. ಮುಂಚೆ ಪ್ರತಿ ವರ್ಷ ದೀಪಾವಳಿ ಕಳೆದಮೇಲೆ ಹತ್ತು ಮನೆಯವರು ಸೇರಿ ಕಲ್ಲು, ಸೊಪ್ಪು, ಮಣ್ಣು ಹಾಕಿ ಕಟ್ಟುತ್ತಿದ್ದೆವು. ಮಳೆಗಾಲದಲ್ಲಿ ಅದು ತಾನೇ ಕೊಚ್ಚಿ ಹೋಗುತ್ತಿತ್ತು. ಆಳು ಸಿಗುವುದಿಲ್ಲ ಅಂತ ನಾಲ್ಕು ವರ್ಷದ ಹಿಂದೆ ಕಾಂಕ್ರೀಟಿನಲ್ಲಿ ಕಟ್ಟಿಸಿದೆವು. ಐದಡಿ ಎತ್ತರ, ಕೆಳಬದಿ ಸಿಮೆಂಟು ಮೆತ್ತಿ ನುಣ್ಣಗೆ ಮಾಡಿದ್ದಾರೆ. ನಾನೇ ನಿಂತು ನುಣ್ಣಗೆ ಮಾಡಿಸಿದ್ದು. ಆ ಮೀನು ಅದಕ್ಕಿಂತ ಮೊದಲೇ ಬಂದು ಕೂತದ್ದು ಅಲ್ವಾ?

ಮೀನಮೇಷ

ಮೂರಡಿ ಬೆಳೆಯಲು ನಾಲ್ಕು ವರ್ಷ ಸಾಲದು. ಹಾಗಾಗಿ ಹೌದು, ಮೊದಲೇ ಬಂದದ್ದು. ಸರಿಯಾಗಿ ಎಷ್ಟು ವಯಸ್ಸು ಅಂತ ತಿಳಿಯಲು ಕಿವಿಯೊಳಗಿನ ಕಲ್ಲು ತೆಗೆದು ಬಳೆ ಎಣಿಸಬೇಕು, ಅದಕ್ಕೆ ಮೀನು ಸಾಯಬೇಕು.

ಕಟ್ಟು ಒಡೆಯುವುದೇನೂ ಬೇಡ. ಮರಿಗೆ ಬೇಕಾದ್ದು ಎರಡೇ, ಒದ್ದೆ ಮತ್ತು ಹಿಡಿತ. ಹೊರದೇಶಗಳಲ್ಲಿ ಗೋಡೆಗೆ ಬ್ರಷ್ಷಿನಂಥ ಹಲಗೆ ಹೊಡೆಯುತ್ತಾರೆ. ನ್ಯೂಜಿಲೆಂಡಿನಲ್ಲಿ ಚಿಪ್ಪು ಸಾಕುವವರ ಹಳೆಯ ನಾರುನಾರು ಹಗ್ಗ ನೇತುಹಾಕಿ ಮರಿಗಳು ಹತ್ತುತ್ತವೆ ಅಂತ ಪರೀಕ್ಷೆ ಮಾಡಿದ್ದಾರೆ. ನಮ್ಮಲ್ಲಿ ತೆಂಗಿನ ನಾರಿನ ಹಗ್ಗಕ್ಕೆ ಬರವೇ? ದಪ್ಪದ್ದು ನಾಲ್ಕು ಎಳೆ ಒಟ್ಟಿಗೆ ಕಟ್ಟಿ, ಮೇಲಿನ ತುದಿ ಗುಂಡಿಯ ನೀರಿನಲ್ಲಿ, ಕೆಳಗಿನ ತುದಿ ಕೆಳಗಿನ ನೀರಿನಲ್ಲಿ ಮುಳುಗಿರಲಿ. ಹೊಡೆತ ಇರುವ ನಡುವೆ ಬೇಡ, ನೀರು ಜಿನುಗುವ ಅಂಚಿನಲ್ಲಿ.

ಕಾಳಿದಂಡೆ

ಇದರ ಜೊತೆಗೆ ತೋಟೆ (ಸಿಡಿಮದ್ದು) ಹಾಕುವವರನ್ನು, ಬ್ಲೀಚಿಂಗ್ ಪುಡಿ ಕಲಕುವವರನ್ನು ತಡೆಯಿರಿ. ಹಳೆಯವರು ಕಾರೆಕಾಯಿ ಜಜ್ಜಿ ಹಾಕುತ್ತಿದ್ದರು, ಮೀನಿಗೆ ಮತ್ತು ಬರುತ್ತಿತ್ತು, ಅದರಲ್ಲೂ ಕೆಲವು ತಪ್ಪಿಸಿಕೊಳ್ಳುತ್ತಿದ್ದವು. ಬ್ಲೀಚಿಂಗ್ ಹಾಕಿದ ಗುಂಡಿಯಲ್ಲಿ ತಳದ ಮೀನು ಒಂದೂ ಉಳಿಯುವುದಿಲ್ಲ. ಏಡಿಯೂ ಇಲ್ಲ. ಹಗ್ಗ ಹತ್ತಿ ಬಂದು ತಿನ್ನುವುದೇನು?

ಘಟ್ಟದಬುಡ

ನಮ್ಮ ಹಳ್ಳದಲ್ಲಿ ಬ್ಲೀಚಿಂಗ್ ಎರಡು ಸಲ ಆಗಿದೆ. ಯಾರು ಅಂತ ಗೊತ್ತು. ಅವರ ತೋಟಕ್ಕೂ ನೀರು ಇದೇ ಗುಂಡಿಯಿಂದ. ಈ ಸಲ ಕೂತು ಮಾತಾಡುತ್ತೇನೆ. ಬೈದರೆ ಆಗುವುದಿಲ್ಲ, ಮುಂದಿನ ವಾರ ಅವರ ಮನೆಯಲ್ಲಿ ಸತ್ಯನಾರಾಯಣ ಪೂಜೆ, ಊಟಕ್ಕೆ ಹೋದಾಗ ನೋಡೋಣ.

ಏಡಿಕಾಲು

ಬಂದೆ ಮಾರಾಯ್ರೆ, ಶುಕ್ರವಾರ ಬಂದೆ. ಮೀನು ಇಲ್ಲದಿದ್ದರೂ ಘಟ್ಟದಬುಡ ಅಣ್ಣನ ಮನೆಗೆ ಹೋಗಿದ್ದೆ. ಆಯಿ ಅಪ್ಪೆಹುಳಿ ಬಡಿಸಿದರು. ಹಗ್ಗ ಕಟ್ಟಲು ಕೆಳಗೆ ನಿಂತು ಹಿಡಿದವನು ನಾನೇ, ಮೊಣಕಾಲು ತರಚಿದ್ದೂ ನನ್ನದೇ. ಆ ಕಾಂಕ್ರೀಟು ನಿಜಕ್ಕೂ ಕನ್ನಡಿಯ ಹಾಗಿದೆ.

ಘಟ್ಟದಬುಡ, ಹದಿನೈದು ದಿನದ ನಂತರ

ಪೂಜೆಗೆ ಹೋಗಿದ್ದೆ. ಅವರು ಮಾತು ಕೊಡಲಿಲ್ಲ, ಆದರೆ ಪೈಪಿನ ಕಥೆ ಎರಡು ಸಲ ಹೇಳಿಸಿಕೊಂಡರು. ಆ ಮುರಿದ ಪೈಪನ್ನು ತಮ್ಮ ವಾಪಸ್ ಗುಂಡಿಯ ತಳಕ್ಕೇ ಹಾಕಿದ್ದಾನೆ, ಎರಡೂ ಬದಿಗೆ ಕಲ್ಲು ಒತ್ತಿಟ್ಟು.

ಮಳೆ ಜೋರಾಗಿದೆ, ಚಂಡಿಕಾ ಹೊಳೆ ಒಂದು ದಿನ ರಸ್ತೆಗೂ ಬಂತು. ಹಗ್ಗ ಕಿತ್ತುಹೋಗಿಲ್ಲ. ರಾತ್ರಿ ಊಟ ಆದಮೇಲೆ ಛತ್ರಿ, ಟಾರ್ಚು ಹಿಡಿದು ಒಂದು ಸಲ ಹೋಗಿ ನೋಡಿಬರುವುದು ಅಭ್ಯಾಸ ಆಗಿದೆ. ಟಾರ್ಚಿಗೆ ಕೆಂಪು ಪ್ಲಾಸ್ಟಿಕ್ ಸುತ್ತಿದ್ದೇನೆ. ಇವತ್ತು ಹಗ್ಗದ ನಡುವೆ ಏನೋ ಅಲ್ಲಾಡಿತು. ಉಸಿರು ಹಿಡಿದು ಬಗ್ಗಿ ನೋಡಿದೆ. ಏಡಿ. ಅರ್ಧ ಹತ್ತಿ ಅಲ್ಲೇ ಕೂತು ನನ್ನನ್ನೇ ನೋಡುತ್ತಿತ್ತು.